ಕಾಯ್ದೆಯಪ್ಪನವರ ಮೆಟ್ಟಿಲು

ಕಾಯ್ದೆ ಮಾಡುವವರು ಯಾರು ಎಂದು ಆ ಬೀದಿಯಲ್ಲಿ ಕೇಳಿದರೆ, ತೊಟ್ಟಿಲಲ್ಲಿ ಮಲಗಿದ ಕೂಸು ಕೂಡ ಹಾಲಿನ ಬಾಟಲಿಯನ್ನು ಬಾಯಿಂದ ತೆಗೆದು ಕಾಯ್ದೆಯಪ್ಪನವರ ಮನೆಯ ಕಡೆ ಕೈ ತೋರಿಸುತ್ತಿತ್ತು. ಶಾಸನಸಭೆ ಎಂಬುದೊಂದು ಇದೆ, ಜನ ಆರಿಸಿ ಕಳಿಸಿದವರು ಅಲ್ಲಿ ಕೂತು ಕೂಗಾಡುತ್ತಾರೆ ಎಂಬ ಸುದ್ದಿ ಬೀದಿಗೆ ತಲುಪಿರಲಿಲ್ಲವೆಂದಲ್ಲ. ಆದರೆ ಅದೆಲ್ಲ ಮೇಲಿನ ನೊರೆ. ತಳದ ಗಟ್ಟಿ ಸರಕೆಲ್ಲ ಕಾಯ್ದೆಯಪ್ಪನವರದು.

"ಅವರು ಏನು ಬೇಕಾದ್ರೂ ಪಾಸು ಮಾಡ್ಕೊಳ್ಳಲಿ," ಎಂದು ಅವರು ಎದುರಿನ ದರ್ಜಿಯ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳುತ್ತಿದ್ದರು. "ಗೆಜೆಟ್ಟಲ್ಲಿ ಅಚ್ಚಾಗೋ ತನಕ ಅದು ಬರೀ ಮಾತು. ಅಚ್ಚಾದ ಮೇಲೂ ನನ್ನ ಕೈ ದಾಟದೆ ಒಂದು ಹಾಳೆ ಹೊರಗೆ ಹೋಗಲ್ಲ."

ಇದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಗಿ, ಮಡಚಿ, ಹೊಲಿದು ಬಂದ ಗೆಜೆಟ್ಟುಗಳನ್ನು ಕಟ್ಟು ಕಟ್ಟಿ, ಹುರಿ ಬಿಗಿದು, ವಿಳಾಸದ ಚೀಟಿ ಅಂಟಿಸುವುದು ಅವರ ಕೆಲಸ. ಗಂಟು ಹಾಕುವುದರಲ್ಲಿ ಅವರನ್ನು ಮೀರಿಸುವವರು ಮೂರು ಲೋಕದಲ್ಲಿ ಇರಲಿಲ್ಲ. ಅವರು ಬಿಗಿದ ಕಟ್ಟನ್ನು ಬಿಚ್ಚಲಾಗದೆ ಎಷ್ಟೋ ಕಚೇರಿಗಳಲ್ಲಿ ಎಷ್ಟೋ ಕಾಯ್ದೆಗಳು ಇವತ್ತಿಗೂ ಜಾರಿಗೆ ಬಂದಿಲ್ಲವೆಂದು ಹೇಳುತ್ತಾರೆ. ಇದ್ದರೂ ಇರಬಹುದು.

ಇಂಥ ಮಹಾನುಭಾವರ ಬಾಳಿಗೆ ಒಂದೇ ಒಂದು ಕೊರತೆ. ಮನೆಗೆ ಬೆಳಕು ಬರುತ್ತಿರಲಿಲ್ಲ.

ಅದಕ್ಕೆ ಕಾರಣ ಅವರ ಮಾವ. ಆ ಪುಣ್ಯಾತ್ಮರು ಕಣ್ಣು ಮುಚ್ಚುವ ಮೊದಲು ಒಂದೇ ಮನೆಯನ್ನು ಕೇಕು ಕತ್ತರಿಸಿದಂತೆ ಕತ್ತರಿಸಿ, ಕೆಳಗಿನ ಎಡಭಾಗವನ್ನು ಮಗಳಿಗೂ, ಕೆಳಗಿನ ಬಲಭಾಗ ಮತ್ತು ಇಡೀ ಮಹಡಿಯನ್ನು ಮಗನಿಗೂ ಬರೆದಿದ್ದರು. ಮಹಡಿಗೆ ಹೋಗುವ ಒಳಮೆಟ್ಟಿಲು ಮಾತ್ರ ಮಗಳ ಪಾಲಿನ ಹಾಲಿಗೆ ಬಂತು. ಅಂದರೆ ಕಾಯ್ದೆಯಪ್ಪನವರ ಹಾಲಿಗೆ. ಮಹಡಿ ಅವರದಲ್ಲ, ಮಹಡಿಯ ಮೆಟ್ಟಿಲು ಅವರದು. ಕೂಡಲೇ ಅವರು ಮೆಟ್ಟಿಲಿನ ತಲೆಗೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಅಂದಿನಿಂದ ಆ ಮೆಟ್ಟಿಲುಗಳು ಗಂಭೀರವಾಗಿ ಮೇಲೇರಿ ಗೋಡೆಗೆ ಹಣೆ ಚಚ್ಚಿಕೊಂಡು ನಿಂತಿದ್ದವು. ಕಾಯ್ದೆಯಪ್ಪನವರು ಅವುಗಳ ಮೇಲೆ ಪ್ರೆಸ್ಸಿನಿಂದ ತಂದ ರದ್ದಿ ಹಾಳೆಗಳನ್ನು ಪೇರಿಸಿ, ಬಂದವರಿಗೆ "ನಮ್ಮ ಲೈಬ್ರರಿ" ಎಂದು ಪರಿಚಯಿಸುತ್ತಿದ್ದರು.

ಹೆಂಡತಿಯ ಅಣ್ಣ, ಅಂದರೆ ಭಾವ, ತನ್ನ ಬಲಭಾಗದಲ್ಲಿ ಪಾತ್ರೆ ಅಂಗಡಿ ಇಟ್ಟ. ಮಹಡಿಯಲ್ಲಿ ಸಂಸಾರ. ಮಹಡಿಗೆ ದಾರಿ ಬೇಕಲ್ಲ? ಬೀದಿಯ ಅಂಚಿನಲ್ಲಿ ಹೊರಮೆಟ್ಟಿಲು ಕಟ್ಟಿಸಿದ. ಅದು ಕಾಯ್ದೆಯಪ್ಪನವರ ಕಿಟಕಿಯ ಮುಂದೆಯೇ ಅಡ್ಡಡ್ಡಲಾಗಿ ಏರಿತು. ಮಹಡಿಯಲ್ಲಿ ಮಗನ ಜೊತೆಗಿದ್ದ ಅತ್ತೆಗೆ ಬೀದಿಯ ಎಲ್ಲ ಮನೆಗಳ ಒಳಗುಟ್ಟು ಬೇಕು. ಬೀದಿಗೆ ಅತ್ತೆಯ ಬುದ್ಧಿವಾದ ಬೇಕು. ಹೀಗಾಗಿ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಹೆಂಗಸರು ಹತ್ತುವರು, ಇಳಿಯುವರು. ಕಿಟಕಿಯ ಬಳಿ ಪೇಪರು ಹಿಡಿದು ಕೂತ ಕಾಯ್ದೆಯಪ್ಪನವರಿಗೆ ಸೂರ್ಯನ ಬದಲು ಅಂಗಾಲುಗಳು ಕಾಣುತ್ತಿದ್ದವು. ಚಪ್ಪಲಿಯ ಸವೆದ ಅಟ್ಟೆ ನೋಡಿಯೇ ಇದು ಯಾರ ಮನೆಯ ಸೊಸೆ, ಯಾರ ಮೇಲೆ ದೂರು ಹೇಳಲು ಹೋಗುತ್ತಿದ್ದಾಳೆ ಎಂದು ಅವರು ಹೇಳಬಲ್ಲವರಾಗಿದ್ದರು.

"ಭಾವ, ಬೆಳಕೇ ಇಲ್ಲ ಮನೇಲಿ," ಎಂದು ಅವರು ದೂರಿದರೆ ಮಹಡಿಯಿಂದ ಅತ್ತೆಯ ದನಿ ಇಳಿಯುತ್ತಿತ್ತು.

"ಏನು ಓದಬೇಕಾಗಿದೆ ಅಳಿಯಂದಿರಿಗೆ? ಎಲ್ಲಾ ಕಾಯ್ದೇನೂ ಬಾಯಿಪಾಠ ಆಗಿಲ್ವಾ?"

ಹೀಗಿರುವಾಗ ಒಂದು ಸಂಜೆ ಕಾಯ್ದೆಯಪ್ಪನವರು ಊಟದ ಡಬ್ಬಿಯ ಚೀಲವನ್ನು ಎದೆಗವಚಿಕೊಂಡು ಬಂದರು. ಮನೆಗೆ ಹೋಗಲಿಲ್ಲ. ನೇರ ಪಾತ್ರೆ ಅಂಗಡಿಗೆ ಹೋದರು. ಚೀಲದಿಂದ ಒಂದು ಹಾಳೆ ತೆಗೆದು, ಸ್ಟೀಲಿನ ಬಕೆಟ್ಟೊಂದನ್ನು ಬೋರಲು ಹಾಕಿ, ಅದರ ಮೇಲೆ ಹರಡಿದರು. ಹಾಳೆ ಪ್ರೆಸ್ಸಿನ ರದ್ದಿ ಬುಟ್ಟಿಯದು. ಒಂದು ಮೂಲೆಯಲ್ಲಿ ಶಾಯಿ ಬಳಿದುಕೊಂಡಿತ್ತು. ಅದರಲ್ಲಿ ಬೀದಿ ಒತ್ತುವರಿ ನಿವಾರಣೆಯ ಮಾತಿತ್ತು. ಬೀದಿಗೆ ಚಾಚಿದ ಮೆಟ್ಟಿಲುಗಳನ್ನೆಲ್ಲ ಕೆಡವಬೇಕು. ಕಾಯ್ದೆ ಜಾರಿಗೆ ಬರುವ ಮೊದಲೇ ತಾವಾಗಿ ಕೆಡವಿದವರಿಗೆ ಶಿಕ್ಷೆ ಇಲ್ಲ. ಉಳಿದವರ ಮೆಟ್ಟಿಲನ್ನು ಸರ್ಕಾರವೇ ಕೆಡವಿ, ದಂಡ ಹಾಕಿ, ಜೈಲಿಗೂ ಕಳಿಸಬಹುದು.

ಕಾಯ್ದೆಯಪ್ಪನವರು 'ಜೈಲಿಗೂ' ಎಂಬ ಮಾತನ್ನು ಎಷ್ಟು ಎಳೆದು ಓದಿದರೆಂದರೆ, ಅದು ಮುಗಿಯುವಷ್ಟರಲ್ಲಿ ಭಾವನ ಮೂರು ಗಿರಾಕಿಗಳು ಚೌಕಾಸಿ ಬಿಟ್ಟು ಎದ್ದುಹೋಗಿದ್ದರು.

ಅಲ್ಲೇ ಕೂತಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದರ ನೆತ್ತಿ ಮೇಲೆ ಮಸೂದೆ ಅಂತಿದೆಯಲ್ರೀ?"

ಕಾಯ್ದೆಯಪ್ಪನವರು ಅನುಕಂಪದಿಂದ ನಕ್ಕರು. "ಅದು ಮನೇಲಿ ಕರೆಯೋ ಹೆಸರು ಮೇಷ್ಟ್ರೇ. ಹೊರಗಡೆ ಕಾಯ್ದೆ ಅಂತಾರೆ. ನಮ್ಮ ಪ್ರೆಸ್ಸಲ್ಲಿ ಅಚ್ಚಾಗಿದೆ ಅಂದ್ಮೇಲೆ ಮುಗೀತು."

"ಭಾವನೋರೆ, ಇದು ಯಾವತ್ತು ಜಾರಿಗೆ ಬರುತ್ತೆ?" ಭಾವ ಒರೆಸುತ್ತಿದ್ದ ಸೌಟನ್ನು ಕೆಳಗಿಟ್ಟು ಕೇಳಿದ.

"ಅದು ನನ್ನ ಕೈಲಿದೆ. ನಿಮಗೋಸ್ಕರ ಸ್ವಲ್ಪ ದಿನ ತಡೀಬಹುದು. ಮನೆ ಅಳಿಯ ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?"

ಸುದ್ದಿ ಬೀದಿ ಸುತ್ತಿ ಬರುವಷ್ಟರಲ್ಲಿ ಬೆಳೆದು ಬಲಿತಿತ್ತು. ದರ್ಜಿ ಬಂದು, ಪಕ್ಕದ ಮನೆಯ ನಾಯಿ ಬೊಗಳದಂತೆ ಒಂದು ಸಣ್ಣ ಕಾಯ್ದೆ, ಅರ್ಧ ಪುಟದ್ದಾದರೂ ಸಾಕು, ಬಿಡುವಾದಾಗ ಅಚ್ಚು ಹಾಕಿಸಿಕೊಡಿ ಎಂದು ಕೇಳಿಕೊಂಡ. ಕಾಯ್ದೆಯಪ್ಪನವರು ಈ ಅಧಿವೇಶನದಲ್ಲಿ ಕಷ್ಟ ಎಂದರು.

ಭಾವ ಮೇಸ್ತ್ರಿಯನ್ನು ಕರೆಸಿದ. ಹೊರಮೆಟ್ಟಿಲು ಕೆಡವುವುದು, ಅಂಗಡಿಯ ಸೂರಿಗೆ ತೂತು ಕೊರೆದು ಕಬ್ಬಿಣದ ಏಣಿಮೆಟ್ಟಿಲು ನಿಲ್ಲಿಸುವುದು, ಇದು ಯೋಜನೆ. ಹೆಂಡತಿ ಮಕ್ಕಳನ್ನು ತವರಿಗೆ ಕಳಿಸಿದ. ಅಮ್ಮನನ್ನೂ ಕರೆದ.

"ಒಂದು ಹೊತ್ತಿನ ಕೆಲಸಕ್ಕೆ ನಾನ್ಯಾಕೆ ಇಳೀಲಿ? ನೀವು ಕೆಡವಿ, ನೀವು ಕಟ್ಟಿ. ನಾನು ನೋಡ್ತೀನಿ," ಎಂದು ಅತ್ತೆ ಮಹಡಿಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು.

ಕೆಡವಿದ್ದು ನಿಜಕ್ಕೂ ಒಂದೇ ಹೊತ್ತಿನಲ್ಲಿ. ಕಾಯ್ದೆಯಪ್ಪನವರು ರಜೆ ಹಾಕಿ, ಕಿಟಕಿಯ ಬಳಿ ಆರಾಮಕುರ್ಚಿ ಎಳೆದುಕೊಂಡು, ಒಂದೊಂದು ಮೆಟ್ಟಿಲು ಉರುಳಿದಂತೆಲ್ಲ ಪೇಪರಿನ ಒಂದೊಂದು ಕಾಲಂ ಓದಿದರು. ಕೊನೆಯ ಕಲ್ಲು ಬಿದ್ದಾಗ ಬಿಸಿಲು ಧೂಳಿನ ಜೊತೆ ದಬಕ್ಕನೆ ಹಾಲಿಗೆ ನುಗ್ಗಿತು. ಗೋಡೆಗೆ ಬಳಿದ ಬಣ್ಣ ಹಸಿರು ಎಂಬುದು ಅವರ ಹೆಂಡತಿಗೆ ಆಗಲೇ ಗೊತ್ತಾದದ್ದು.

ಆಮೇಲೆ ಮೇಸ್ತ್ರಿ ಅಂಗಡಿಯೊಳಗೆ ಹೋಗಿ ಸೂರನ್ನು ಬೆರಳಿನಿಂದ ಬಡಿದು ನೋಡಿದ. ಇನ್ನೊಂದು ಕಡೆ ಬಡಿದ. ಹೊರಗೆ ಬಂದು ಬೀಡಿ ಹಚ್ಚಿದ.

"ತೂತು ಕೊರೆಯೋಕಾಗಲ್ಲ ಸಾಹುಕಾರ್ರೇ. ಇಡೀ ಮಹಡಿ ನಿಂತಿರೋದೇ ಆ ತೊಲೆ ಮೇಲೆ. ಕೊರೆದ್ರೆ ಅಮ್ಮಾವರು ಇಳಿದುಬರ್ತಾರೆ, ಆದ್ರೆ ಮಹಡಿ ಜೊತೆಗೆ."

"ಇದನ್ನ ಮೊದಲೇ ಹೇಳೋಕೆ ಆಗ್ತಿರಲಿಲ್ವೇನೋ?"

"ಮೊದಲು ನೀವು ಕೆಡವೋದು ಮಾತ್ರ ಹೇಳಿದ್ರಿ."

ಹೀಗೆ ಅತ್ತೆ ಮೇಲೆಯೇ ಉಳಿದರು. ಬಿದಿರೇಣಿ ತಂದು ನಿಲ್ಲಿಸಿದ್ದಕ್ಕೆ, "ಈ ವಯಸ್ಸಲ್ಲಿ ಏಣಿ ಇಳಿದು ಬೀದಿಗೆ ತಮಾಷೆ ತೋರಿಸಲಾ? ಇಳಿದ್ರೆ ಮೆಟ್ಟಿಲ ಮೇಲೇ ಇಳೀತೀನಿ, ಇಲ್ಲಾಂದ್ರೆ ಇಲ್ಲೇ ಇರ್ತೀನಿ," ಎಂದರು. ಹಗ್ಗಕ್ಕೆ ಬುಟ್ಟಿ ಕಟ್ಟಿ ಊಟ ಏರಿಸುವುದಾಯಿತು. ಬುಟ್ಟಿ ಖಾಲಿ ಇಳಿಯುತ್ತಿರಲಿಲ್ಲ. ಉಪ್ಪು ಜಾಸ್ತಿಯಾಗಿದ್ದರೆ ಪಲ್ಯವೇ ವಾಪಸು ಇಳಿಯುತ್ತಿತ್ತು. ಬುದ್ಧಿವಾದ ಬೇಕಾದ ಹೆಂಗಸರು ಬೀದಿಯಲ್ಲೇ ನಿಂತು ಕತ್ತೆತ್ತಿ ಕಷ್ಟ ಹೇಳಿಕೊಳ್ಳತೊಡಗಿದರು. ಅತ್ತೆ ಮೇಲಿಂದಲೇ ಉತ್ತರ ಕೊಡುತ್ತಿದ್ದರು. ಒಳಗುಟ್ಟೆಂಬುದು ಆ ಬೀದಿಯಿಂದ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಭಾವ ಅಂಗಡಿಯಲ್ಲಿ ಕೊಪ್ಪರಿಗೆಗಳ ನಡುವೆ ಮಲಗಿದ. ಮಗ್ಗುಲು ಬದಲಿಸಿದಾಗಲೆಲ್ಲ ಇಡೀ ಬೀದಿಗೆ ಎಚ್ಚರವಾಗುತ್ತಿತ್ತು.

ಒಂದು ಬೆಳಿಗ್ಗೆ ಭಾವ ಕಾಯ್ದೆಯಪ್ಪನವರ ಹಾಲಿಗೆ ಬಂದು ರದ್ದಿ ಪೇರಿಸಿದ ಒಳಮೆಟ್ಟಿಲನ್ನು ದಿಟ್ಟಿಸಿ ನೋಡಿದ. ಮೇಲಿನ ಇಟ್ಟಿಗೆ ಗೋಡೆಯನ್ನೂ ನೋಡಿದ.

"ಭಾವನೋರೆ, ಈ ಗೋಡೆ ಒಂದು ಒಡೆದ್ರೆ ಆಯ್ತಲ್ಲ. ಅಮ್ಮ ಆರಾಮವಾಗಿ ಹತ್ತಿ ಇಳೀಬಹುದು."

ಕಾಯ್ದೆಯಪ್ಪನವರ ಕೈಯಲ್ಲಿದ್ದ ಕಾಫಿ ಬಟ್ಟಲಲ್ಲೇ ತಣ್ಣಗಾಯಿತು. ಅವರ ಕಣ್ಣ ಮುಂದೆ ಚಪ್ಪಲಿಗಳು ಸಾಲುಗಟ್ಟಿದವು. ಇದುವರೆಗೆ ಕಿಟಕಿಯ ಆಚೆ ಹೋಗುತ್ತಿದ್ದ ಬೀದಿ ಇನ್ನು ಆರಾಮಕುರ್ಚಿಯ ಪಕ್ಕದಲ್ಲೇ ಹೋಗುತ್ತದೆ. ಬನಿಯನ್ನಿನಲ್ಲಿ ಕೂರುವ ಹಾಗಿಲ್ಲ. ಮಧ್ಯಾಹ್ನ ಬಾಯಿ ತೆರೆದು ನಿದ್ದೆ ಹೋಗುವ ಹಾಗಿಲ್ಲ. ಎಲ್ಲಕ್ಕಿಂತ ಮೇಲಾಗಿ, ಅತ್ತೆ.

"ಗೋಡೆ ತಂಟೆಗೆ ಮಾತ್ರ ಹೋಗ್ಬೇಡಿ ಭಾವ," ಎಂದರು. "ಬೇರೆ ಏನಾದ್ರೂ ದಾರಿ ಹುಡುಕೋಣ."

ದಾರಿ ಮೇಷ್ಟ್ರ ರೂಪದಲ್ಲಿ ಪೇಪರು ಬೀಸುತ್ತ ಬಂತು.

"ಕೇಳಿದ್ರಾ? ಸಭೇಲಿ ಆ ಕೆಡವೋ ಕಲಮನ್ನೇ ತೆಗೆದುಹಾಕಿದ್ದಾರಂತೆ. ನೀವು ತಂದಿದ್ದು ಮೊದಲು ಮಂಡಿಸಿದ ಮಸೂದೆ. ಅದರ ಮೇಲೆ ಚರ್ಚೆಯಾಗಿ, ತಿದ್ದುಪಡಿಯಾಗಿ, ಈಗ ಪಾಸಾಗಿರೋದೇ ಬೇರೆ. ಇರೋ ಮೆಟ್ಟಿಲನ್ನ ಯಾರೂ ಮುಟ್ಟೋ ಹಾಗಿಲ್ಲ. ಹೊಸದಾಗಿ ಕಟ್ಟೋ ಹಾಗೂ ಇಲ್ಲ. ಸಹಿ ಆಗಿದೆಯಂತೆ, ಗೆಜೆಟ್ಟಲ್ಲಿ ಪ್ರಕಟವಾಗೋದೊಂದೇ ಬಾಕಿ. ಪ್ರಕಟವಾದ ದಿನದಿಂದ ಜಾರಿ."

ಹೊರಗೆ ಬುಟ್ಟಿ ಇಳಿಯುವ ಸದ್ದು ಕೇಳಿಸಿತು.

"ಅಂದ್ರೆ," ಎಂದ ಭಾವ, ಪಾತ್ರೆಯ ತೂಕ ಹಾಕುವವನಂತೆ ನಿಧಾನವಾಗಿ, "ನನ್ನ ಮೆಟ್ಟಿಲು ಇದ್ದಿದ್ರೆ ಇರ್ತಿತ್ತು."

"ಇರ್ತಿತ್ತು," ಎಂದರು ಮೇಷ್ಟ್ರು.

"ಪ್ರಕಟವಾಗೋದ್ರೊಳಗೆ ಮತ್ತೆ ಕಟ್ಟಿದ್ರೆ?"

"ಆಗ ಇರೋ ಮೆಟ್ಟಿಲು ಅಂತ್ಲೇ ಲೆಕ್ಕ."

ಭಾವ ತಿರುಗಿ ಕಾಯ್ದೆಯಪ್ಪನವರ ಎರಡೂ ಕೈ ಹಿಡಿದುಕೊಂಡ. "ಭಾವನೋರೆ, ಇಷ್ಟು ವರ್ಷ ನಿಮ್ಮ ಕೈ ದಾಟದೆ ಕಾಯ್ದೆ ಹೊರಗೆ ಹೋಗಲ್ಲ ಅಂತ ಹೇಳ್ಕೊಂಡು ಬಂದಿದ್ದೀರಿ. ಮೆಟ್ಟಿಲು ಮೇಲೆ ಮುಟ್ಟೋ ತನಕ ಆ ಕೈಯನ್ನ ಸ್ವಲ್ಪ ಅಡ್ಡ ಇಡಿ. ಇಲ್ಲಾಂದ್ರೆ ನನಗೆ ಗೋಡೆ ಒಡೆಯದೆ ಗತಿಯಿಲ್ಲ."

"ಕೈ ಇಟ್ಟೆ ಅಂತ್ಲೇ ತಿಳ್ಕೊಳ್ಳಿ," ಎಂದರು ಕಾಯ್ದೆಯಪ್ಪನವರು. ಬೇರೇನೂ ಹೇಳುವ ಹಾಗಿರಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅತ್ತ ಮೇಸ್ತ್ರಿ ಕಟ್ಟಲು ಶುರುಮಾಡಿದ. ಕೆಡವುವುದರಲ್ಲಿ ಬಿರುಗಾಳಿಯಂತಿದ್ದ ಆ ಮನುಷ್ಯ ಕಟ್ಟುವುದರಲ್ಲಿ ಋಷಿಮುನಿಯಂತಿದ್ದ. ಒಂದು ಇಟ್ಟಿಗೆ ಎತ್ತಿಕೊಂಡರೆ ಅದರ ಪೂರ್ವಜನ್ಮದ ವೃತ್ತಾಂತವೆಲ್ಲ ವಿಚಾರಿಸಿಯೇ ಕೆಳಗಿಡುತ್ತಿದ್ದ.

ಇತ್ತ ಕಾಯ್ದೆಯಪ್ಪನವರು ಜೀವಮಾನದಲ್ಲೇ ಮೊದಲ ಸಲ ಗೆಜೆಟ್ಟು ಕಟ್ಟುವ ಶೆಡ್ಡು ಬಿಟ್ಟು ಫೋರ್ಮನ್ನರ ಗಾಜಿನ ಕೋಣೆಗೆ ಹೋದರು. ಇಲ್ಲಿ ಆ ಮುದ್ರಣಾಲಯದ ಒಂದು ಪದ್ಧತಿಯನ್ನು ಹೇಳಲೇಬೇಕು. ಅಲ್ಲಿ ಕೆಲಸಗಳು ಬಂದ ಕ್ರಮದಲ್ಲಿ ಆಗುತ್ತಿರಲಿಲ್ಲ, ಕೇಳಿದ ಕ್ರಮದಲ್ಲಿ ಆಗುತ್ತಿದ್ದವು. ಯಾವ ಕಡತವನ್ನು ಯಾರೂ ಕೇಳುವುದಿಲ್ಲವೋ ಅದು ಕಪಾಟಿನಲ್ಲಿ ಸುಖವಾಗಿ ನಿದ್ರಿಸುತ್ತದೆ. ಯಾರಾದರೂ ಒಮ್ಮೆ ಕೇಳಿದರೆ ಅದಕ್ಕೆ ಕೆಂಪು ಕ್ಲಿಪ್ಪು ಬೀಳುತ್ತದೆ. ಎರಡನೇ ಸಲ ಕೇಳಿದರೆ ಮೇಜಿಗೆ ಬರುತ್ತದೆ. ಮೂರನೇ ಸಲ ಕೇಳಿದರೆ ಯಂತ್ರಕ್ಕೆ ಏರುತ್ತದೆ. ಪ್ರೆಸ್ಸಿನಲ್ಲಿ ಬೆಕ್ಕಿಗೂ ಇದು ಗೊತ್ತಿತ್ತು. ಕಟ್ಟುವ ಶೆಡ್ಡಿಗೆ ಎಲ್ಲವೂ ಅಚ್ಚಾದ ಮೇಲೆಯೇ ಬರುತ್ತಿದ್ದುದರಿಂದ ಕಾಯ್ದೆಯಪ್ಪನವರಿಗೆ ಮಾತ್ರ ಗೊತ್ತಿರಲಿಲ್ಲ.

"ಸಾರ್, ಆ ಬೀದಿ ಒತ್ತುವರಿ ಕಾಯ್ದೆ ಇವತ್ತೇನಾದ್ರೂ ಅಚ್ಚಿಗೆ ಹೋಗುತ್ತಾ?"

ಫೋರ್ಮನ್ ತಲೆ ಎತ್ತಿ ನೋಡಿದರು. "ಇಲ್ವಲ್ಲ. ವಾರದ ಸಂಚಿಕೆಗೆ ಇಟ್ಟಿದ್ದೀನಿ. ಅದೂ ಜಾಗ ಇದ್ರೆ. ಯಾಕೆ?"

"ಸುಮ್ನೆ ಕೇಳ್ದೆ ಸಾರ್."

ಅವರು ಹಗುರಾದ ಮನಸ್ಸಿನಿಂದ ಹೊರಗೆ ಬಂದರು. ಫೋರ್ಮನ್ ಕೆಂಪು ಕ್ಲಿಪ್ಪು ಹುಡುಕಿದರು. ಸರ್ಕಾರಿ ಕಚೇರಿಯಲ್ಲಿ ಸುಮ್ಮನೆ ಕೇಳುವವರು ಇನ್ನೂ ಹುಟ್ಟಿಲ್ಲ ಎಂಬುದು ಅವರ ಅನುಭವ.

ಮಧ್ಯಾಹ್ನ ಕಾಯ್ದೆಯಪ್ಪನವರಿಗೆ ತಡೆಯಲಾಗಲಿಲ್ಲ. ಮತ್ತೆ ಹೋದರು. "ಸಾರ್, ಅದೇ ಕಾಯ್ದೆ. ಇನ್ನೂ ಹೋಗಿಲ್ಲ ತಾನೆ?"

"ಇನ್ನೂ ಇಲ್ಲ," ಎಂದರು ಫೋರ್ಮನ್, ಈಗ ಎದ್ದು ನಿಂತು. "ಯಾರಾದ್ರೂ ಕೇಳ್ತಿದ್ದಾರಾ?"

ಕಾಯ್ದೆಯಪ್ಪನವರು ಕಿಟಕಿಯಾಚೆ ನೋಡಿದರು. "ಮೇಲಿನವರು ಕಾಯ್ತಾ ಇದ್ದಾರೆ ಸಾರ್. ಬಹಳ ಕಷ್ಟದಲ್ಲಿದ್ದಾರೆ."

ಇದೂ ಸತ್ಯವೇ. ಅತ್ತೆ ಮೇಲೆಯೇ ಇದ್ದರು, ಕಾಯುತ್ತಲೇ ಇದ್ದರು. ಆದರೆ ಫೋರ್ಮನ್ ಆ ಕಡತವನ್ನು ಕಪಾಟಿನಿಂದ ಮೇಜಿಗೆ ತಂದರು. ಮಂತ್ರಿಗಳ ಕಡೆಯವರು ಫೋನು ಮಾಡದೆ, ಕಾಗದ ಬರೆಯದೆ, ಹುರಿ ಬಿಗಿಯುವ ಮನುಷ್ಯನ ಬಾಯಲ್ಲಿ ಹೇಳಿಕಳಿಸಿದ್ದಾರೆಂದರೆ ಇದು ಎಷ್ಟು ಗುಟ್ಟಿನ, ಎಷ್ಟು ಮೇಲಿನ ವಿಷಯವಾಗಿರಬೇಕು.

ಸಂಜೆಯ ಗಂಟೆಗೆ ಮುಂಚೆ ಕಾಯ್ದೆಯಪ್ಪನವರು ಮೂರನೇ ಸಲ ಗಾಜಿನ ಬಾಗಿಲಲ್ಲಿ ತಲೆ ಹಾಕಿದರು. ಬಾಯಿ ಬಿಡುವ ಅಗತ್ಯವೂ ಬೀಳಲಿಲ್ಲ.

"ಆಯ್ತು ಮಾರಾಯ್ರೆ, ಆಯ್ತು," ಎಂದರು ಫೋರ್ಮನ್, ಎರಡೂ ಕೈ ಎತ್ತಿ. "ವಾರದ ಸಂಚಿಕೆಗೆ ಕಾಯ್ಲೇ ಇಲ್ಲ. ವಿಶೇಷ ಸಂಚಿಕೆ ಮಾಡಿ ಹಾಕಿಬಿಟ್ಟೆ. ಕೇಳಿಸ್ತಿಲ್ವಾ, ಯಂತ್ರ ಓಡ್ತಿರೋದು? ಮೇಲಿನವರಿಗೆ ನನ್ನ ಹೆಸರು ಒಂದ್ಸಲ ಹೇಳಿ."

ಕೇಳಿಸುತ್ತಿತ್ತು. ದಡಕ್ ದಡಕ್ ಎಂಬ ಆ ಸದ್ದು ಕಾಯ್ದೆಯಪ್ಪನವರ ಕಿವಿಗೆ ಇಟ್ಟಿಗೆ ಗೋಡೆ ಒಡೆಯುವ ಸದ್ದಿನಂತೆಯೇ ಕೇಳಿಸಿತು. ಅವರು ಶೆಡ್ಡಿಗೆ ಓಡಿದರು. ಬಿಸಿಬಿಸಿ ಗೆಜೆಟ್ಟುಗಳು ಬಂದು ಬೀಳುತ್ತಿದ್ದವು. ಅವರು ಹುರಿಯ ಉಂಡೆಯನ್ನು ಕಂಕುಳಲ್ಲಿ ಅವಚಿಕೊಂಡು, ಗೆಜೆಟ್ಟಿನ ರಾಶಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಇಡೀ ಶಾಸನಸಭೆಯೇ ಎದುರು ಬಂದಿದ್ದರೂ ಅಂದು ಅವರಿಂದ ಆ ಉಂಡೆಯನ್ನು ಕಸಿದುಕೊಳ್ಳಲು ಆಗುತ್ತಿರಲಿಲ್ಲ.

ಫೋರ್ಮನ್ ಹಿಂದೆಯೇ ಬಂದರು. "ಏನ್ರೀ ಇದು?"

"ನಾನು ಇವತ್ತು ಕಟ್ಟಲ್ಲ ಸಾರ್. ನಾಳೇನೂ ಕಟ್ಟಲ್ಲ. ನನ್ನ ಗಂಟು ಬೀಳದೆ ಇದು ಪ್ರಕಟ ಆಗೋ ಹಾಗಿಲ್ಲ."

ಫೋರ್ಮನ್ ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದರು. "ನೋಡಿ, ನೀವು ಕಟ್ಟೋದು ದೂರದ ಕಚೇರಿಗಳಿಗೆ ಕಳಿಸೋ ಪ್ರತಿ. ಮೊದಲನೇ ಪ್ರತಿ ಅಚ್ಚಾಗಿದ್ದೇ ಮುಂದಿನ ಮಾರಾಟದ ಕೌಂಟರಿಗೆ ಹೋಗುತ್ತೆ. ಅಲ್ಲಿ ಇಟ್ರು ಅಂದ್ರೆ ಪ್ರಕಟ ಆಯ್ತು. ನೀವು ಕಟ್ಟಿದ್ರೂ ಕಾಯ್ದೆ, ಕಟ್ಟದಿದ್ರೂ ಕಾಯ್ದೆ. ಆಗ್ಲೇ ನಗರಸಭೆಯವರು ಬಂದು ಒಂದು ಪ್ರತಿ ಕೊಂಡ್ಕೊಂಡೂ ಹೋದ್ರು."

ಇಷ್ಟು ವರ್ಷಗಳ ಪದವಿ ಕಾಯ್ದೆಯಪ್ಪನವರ ಕಂಕುಳಿನಿಂದ ಜಾರಿ, ಉರುಳಿಕೊಂಡು, ಹುರಿ ಬಿಚ್ಚುತ್ತ ಬಿಚ್ಚುತ್ತ ಯಂತ್ರದ ಕೆಳಗೆ ಹೋಗಿ ನಿಂತಿತು.

ಮರುದಿನ ಬೆಳಿಗ್ಗೆ ನಗರಸಭೆಯ ಇನ್‌ಸ್ಪೆಕ್ಟರು ಶಾಯಿ ಆರದ ಗೆಜೆಟ್ಟು ಹಿಡಿದು ಬೀದಿಗೆ ಬಂದರು. ಮೇಸ್ತ್ರಿ ಅದೇ ತಾನೆ ಕರಣೆ ಎತ್ತಿಕೊಂಡಿದ್ದ. ಬೀದಿಯೆಲ್ಲ ಸುತ್ತ ನೆರೆಯಿತು. ಅತ್ತೆ ಮೇಲಿನ ಬಾಗಿಲಲ್ಲಿ ಮಣೆ ಮುಂದಕ್ಕೆ ಎಳೆದುಕೊಂಡರು.

"ನಿನ್ನೆ ಸಂಜೆಯವರೆಗೆ ಎಷ್ಟಾಗಿತ್ತು?" ಎಂದರು ಇನ್‌ಸ್ಪೆಕ್ಟರು.

"ಒಂದು ಮೆಟ್ಟಿಲು ಸ್ವಾಮಿ," ಎಂದ ಮೇಸ್ತ್ರಿ. "ಆದ್ರೆ ಚೆನ್ನಾಗಾಗಿದೆ."

ಇನ್‌ಸ್ಪೆಕ್ಟರು ಅದರ ಮೇಲೆ ಹತ್ತಿ ನಿಂತು ನೋಡಿದರು, ಇಳಿದು ನೋಡಿದರು, ಗೆಜೆಟ್ಟಿನ ಪುಟ ತಿರುವಿದರು. "ಎರಡನೇ ಮೆಟ್ಟಿಲು ಕಟ್ಟಿದ್ರೆ ಅಪರಾಧ."

"ಹಾಗಾದ್ರೆ ಈ ಒಂದನ್ನೂ ಕಿತ್ತುಹಾಕಿಬಿಡ್ತೀವಿ ಸ್ವಾಮಿ," ಎಂದ ಭಾವ ಸೋತ ದನಿಯಲ್ಲಿ.

"ಅದೂ ಆಗೋದಿಲ್ಲ. ಪ್ರಕಟವಾದ ದಿನ ಇದ್ದದ್ದನ್ನ ಯಾರೂ ಮುಟ್ಟೋ ಹಾಗಿಲ್ಲ. ಇದಕ್ಕೆ ಕಾಯ್ದೆಯ ರಕ್ಷಣೆ ಇದೆ." ಅವರು ಬಗ್ಗಿ ಆ ಮೆಟ್ಟಿಲಿನ ಉದ್ದಗಲ ಅಳೆದು, ಅದಕ್ಕೆ ಬಿಳಿ ಬಣ್ಣದಲ್ಲಿ ಒಂದು ಗುರುತು ಹಾಕಿ, ಎಲ್ಲರಿಗೂ ನಮಸ್ಕರಿಸಿ ಹೋದರು.

ಕಾಯ್ದೆಯಪ್ಪನವರ ಹಾಲಿನ ಗೋಡೆ ಆ ಸಂಜೆಯೇ ಒಡೆಯಿತು. ಲೈಬ್ರರಿ ರದ್ದಿಯವನ ತಕ್ಕಡಿ ಏರಿತು. ಮಹಡಿಯ ಬೆಳಕು ಕೆಳಗೂ, ಕೆಳಗಿನ ಬೀದಿ ಮಹಡಿಗೂ ಹರಿಯತೊಡಗಿತು. ಅತ್ತೆ ಶಪಥದಂತೆ ಮೆಟ್ಟಿಲ ಮೇಲೆಯೇ ಇಳಿದು ಬಂದರು. ಇಳಿಯುವ ದಾರಿಯಲ್ಲಿ ಆರಾಮಕುರ್ಚಿ ಅಡ್ಡವಿತ್ತಾದ್ದರಿಂದ ಅದರಲ್ಲಿ ಕೂತರು. ಕೂತವರು ಏಳಲಿಲ್ಲ. ಅಲ್ಲೇ ಬುದ್ಧಿವಾದ ಶುರುವಾಯಿತು. ಬಂದ ಹೆಂಗಸರಿಗೆ ಮಹಡಿ ಹತ್ತುವ ಶ್ರಮ ತಪ್ಪಿತೆಂದು ಎಲ್ಲರೂ ಕಾಯ್ದೆಯಪ್ಪನವರನ್ನು ಹರಸಿದರು. ಭಾವನ ಮಕ್ಕಳು ತಾಯಿಯ ತವರಿನಿಂದ ಮರಳಿ ಬಂದು ದಿನವಿಡೀ ಹತ್ತಿ ಇಳಿದರು. ಹೆಂಡತಿಗೆ ಅಮ್ಮ ಕೆಳಗೆ ಸಿಕ್ಕಳೆಂಬ ಸಂತೋಷದಲ್ಲಿ ಗಂಡ ಎಲ್ಲಿ ಹೋದನೆಂಬುದು ಗಮನಕ್ಕೆ ಬರಲಿಲ್ಲ.

ಗಂಡ ಬೀದಿಯಲ್ಲಿದ್ದರು. ಮನೆಯ ಮುಂದೆ, ಎಲ್ಲಿಗೂ ಹತ್ತದ, ಯಾರೂ ಮುಟ್ಟಬಾರದ ಆ ಒಂದೇ ಒಂದು ಮೆಟ್ಟಿಲಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಹೋಗಿಬರುವವರು "ಸ್ವಲ್ಪ ಕಾಲು ತಗೀರಿ ಕಾಯ್ದೆಯಪ್ಪನೋರೆ" ಎನ್ನುತ್ತಿದ್ದರು. ಅವರು ತೆಗೆಯುತ್ತಿದ್ದರು. ದರ್ಜಿ ಕಿಸಕ್ಕನೆ ನಕ್ಕರೆ, "ಇಡೀ ಊರಲ್ಲಿ ಕಾಯ್ದೆಯ ರಕ್ಷಣೆ ಇರೋ ಜಾಗದಲ್ಲಿ ಕೂತಿರೋನು ನಾನೊಬ್ನೇ ಕಣಯ್ಯ" ಎಂದು ಕಾಲ ಮೇಲೆ ಕಾಲು ಹಾಕುತ್ತಿದ್ದರು.

ಆಗ ಅವರ ಬೆನ್ನ ಹಿಂದಿನ ಕಿಟಕಿಯಿಂದ, ಅವರದೇ ಆರಾಮಕುರ್ಚಿಯಿಂದ, ಅತ್ತೆಯ ದನಿ ಬರುತ್ತಿತ್ತು.

"ಅಳಿಯಂದಿರೇ, ಸ್ವಲ್ಪ ಆಚೆ ಸರೀರಿ. ಬೆಳಕಿಗೆ ಅಡ್ಡ ಆಗ್ತೀರಿ."